ರಿಸೆಂಬಲ್‌ನಲ್ಲಿ ‘ಬ’ ಎಲ್ಲಿಂದ ಬಂತು, ಸಿಮಿಲರ್‌ನಲ್ಲಿ ಯಾಕಿಲ್ಲ?

ತೊಗರಿಕಣಜ, ಕಲಬುರಗಿ

ನಮಸ್ಕಾರ. ಬಿ.ಎ. ಮೊದಲ ಸೆಮಿಸ್ಟರ್ ಮಕ್ಕಳಿಗಾಗಿ ಇಂಗ್ಲಿಷ್ ಪದಗಳ ಎರಡು ಪುಟದ ಹಾಳೆ ಮಾಡಬೇಕಾಗಿದೆ. ವಿಷಯ: ಹೋಲಿಕೆ ಹೇಳುವ ಇಂಗ್ಲಿಷ್ ಪದಗಳು, ಅದರಲ್ಲೂ ಫ್ರೆಂಚಿನಿಂದ ಬಂದವು. ಸದ್ಯಕ್ಕೆ ಪಟ್ಟಿಯಲ್ಲಿರೋದು ರಿಸೆಂಬಲ್, ಸೆಂಬ್ಲೆನ್ಸ್, ಸಿಮಿಲರ್, ಸಿಮಿಲಿ, ಅಸೆಂಬಲ್, ಡಿಸೆಂಬಲ್, ಸೀಮ್, ಇಮೇಜ್, ಪೋರ್ಟ್ರೇಟ್, ಕೌಂಟರ್‌ಫಿಟ್.

ಸಿಕ್ಕು ಇರೋದು ಇಲ್ಲಿ. ಸಿಮಿಲರ್, ರಿಸೆಂಬಲ್ ಎರಡಕ್ಕೂ ಬೇರು ಲ್ಯಾಟಿನ್ನಿನ ‘ಸಿಮಿಲಿಸ್’ ಅಂತ ನಿಘಂಟು ಹೇಳುತ್ತೆ. ಹಾಗಾದರೆ ಒಂದರಲ್ಲಿ ‘ಬ’ ಬಂದು ಕೂತು, ಇನ್ನೊಂದರಲ್ಲಿ ಯಾಕಿಲ್ಲ? ಸೀಮ್ ಕೂಡ ಇದೇ ಮನೆತನದ್ದಾ? ಡಿಸೆಂಬಲ್ ಅಂದರೆ ರಿಸೆಂಬಲ್‌ನ ವಿರುದ್ಧ ಪದ ಅಂತ ಮಕ್ಕಳು ಬರೀತಾರೆ. ತಪ್ಪು ಅಂತ ಗೊತ್ತು, ಯಾಕೆ ತಪ್ಪು ಅಂತ ಚಿಕ್ಕದಾಗಿ ಹೇಳೋದು ಹೇಗೆ? ಇನ್ನು ‘ಹಿ ರಿಸೆಂಬಲ್ಸ್ ವಿತ್ ಹಿಸ್ ಫಾದರ್’ ಅನ್ನೋದಂತೂ ಉತ್ತರ ಪತ್ರಿಕೆ ತುಂಬ. ಅದಕ್ಕೂ ಏನಾದರೂ ಮದ್ದು ಹೇಳಿ.

ಬಿದ್ರಿಕುಸುರಿ, ಬೀದರ್

‘ಬ’ದಿಂದಲೇ ಶುರು ಮಾಡಿ ಸರ್, ಹಾಳೆ ಪೂರ್ತಿ ಅದರ ಮೇಲೇ ನಿಲ್ಲಿಸಬಹುದು.

‘ಸಿಮಿಲಿಸ್’ ಅಂದರೆ ಹೋಲುವಂಥದ್ದು. ಅದರ ಕ್ರಿಯಾಪದ ‘ಸಿಮಿಲಾರೆ’, ‘ಸಿಮುಲಾರೆ’ ಅಂತಲೂ ಉಂಟು. ಒತ್ತು ಬೀಳುವುದು ‘ಲಾ’ ಮೇಲೆ. ಜನರ ಬಾಯಲ್ಲಿ ನೂರಾರು ವರ್ಷ ಓಡಾಡಿದಾಗ ಒತ್ತಿಲ್ಲದ ನಡುವಿನ ‘ಇ’ ಬಿದ್ದುಹೋಗಿ ‘ಸಿಮ್‌ಲಾರೆ’ ಆಯಿತು. ಮೊದಲಿನ ‘ಇ’ ಸಡಿಲಾಗಿ ‘ಸೆಮ್‌ಲಾರೆ’ ಆಯಿತು. ಈಗ ‘ಮ’, ‘ಲ’ ಎರಡೂ ಮೈಗೆ ಮೈ ತಾಗಿ ನಿಂತವು. ಗಡಿಬಿಡಿ ಇಲ್ಲೇ.

‘ಮ’ ಅನ್ನುವಾಗ ತುಟಿ ಮುಚ್ಚಿರುತ್ತೆ, ಉಸಿರು ಮೂಗಿನಿಂದ ಹೋಗುತ್ತೆ. ‘ಲ’ ಅನ್ನುವಾಗ ತುಟಿ ತೆರೆದಿರುತ್ತೆ, ಮೂಗಿನ ದಾರಿ ಮುಚ್ಚಿರುತ್ತೆ. ಒಂದರಿಂದ ಇನ್ನೊಂದಕ್ಕೆ ದಾಟಲು ಎರಡು ಕೆಲಸ ಒಂದೇ ಗಳಿಗೆಗೆ ಆಗಬೇಕು: ತುಟಿ ತೆರೆಯಬೇಕು, ಮೂಗಿನ ದಾರಿ ಮುಚ್ಚಬೇಕು. ಮೂಗಿನ ದಾರಿ ಒಂದು ಎಳೆಯಷ್ಟು ಮೊದಲೇ ಮುಚ್ಚಿತು ಅನ್ನಿ. ಆಗ ತುಟಿ ಇನ್ನೂ ಮುಚ್ಚೇ ಇದೆ, ಉಸಿರಿಗೆ ಮೂಗಿನ ದಾರಿ ಇಲ್ಲ. ಆ ಸ್ಥಿತಿಗೇ ‘ಬ’ ಅಂತ ಹೆಸರು. ಯಾರೂ ತಂದು ಸೇರಿಸಿದ್ದಲ್ಲ. ಕ್ಲಾಸಿನಲ್ಲಿ ‘ಸೆಮ್ಲ, ಸೆಮ್ಲ, ಸೆಮ್ಲ’ ಅಂತ ಹತ್ತು ಸಲ ಬಿರುಸಾಗಿ ಹೇಳಿಸಿ, ಐದಾರನೇ ಸಲಕ್ಕೆ ಅರ್ಧ ಮಕ್ಕಳ ಬಾಯಲ್ಲಿ ‘ಸೆಂಬ್ಲ’ ಆಗಿರುತ್ತೆ. ಹಳೆ ಫ್ರೆಂಚಿನ ‘ಸೆಂಬ್ಲೆರ್’ ಹುಟ್ಟಿದ್ದು ಹಾಗೆ. ಅದಕ್ಕೆ ‘ರೆ’ ಹತ್ತಿ ‘ರೆಸೆಂಬ್ಲೆರ್’, ಅದು ಇಂಗ್ಲಿಷಿಗೆ ಬಂದು ಬಾಲ ಕಳಕೊಂಡು ರಿಸೆಂಬಲ್.

ಇದೊಂದೇ ಪದದ ಸುದ್ದಿಯಲ್ಲ. ಲ್ಯಾಟಿನ್ ‘ಹುಮಿಲಿಸ್’ ಹಂಬಲ್ ಆಯಿತು, ‘ಟ್ರೆಮುಲಾರೆ’ ಟ್ರೆಂಬಲ್ ಆಯಿತು. ‘ಲ’ ಬದಲು ‘ರ’ ಇದ್ದರೂ ಅಷ್ಟೇ: ‘ಕಾಮೆರಾ’ ಚೇಂಬರ್ ಆಯಿತು, ‘ನುಮೆರುಸ್’ ನಂಬರ್ ಆಯಿತು. ‘ನ’, ‘ರ’ ನಡುವೆ ಆದರೆ ‘ಬ’ ಬದಲು ‘ದ’ ಹುಟ್ಟುತ್ತೆ, ‘ಟೆನೆರ್’ ಮೃದು ಅನ್ನೋ ಅರ್ಥದ ಟೆಂಡರ್ ಆದ ಹಾಗೆ.

ನಮ್ಮ ಕಡೆ ಮಕ್ಕಳಿಗೆ ಇದನ್ನ ನಂಬಿಸೋಕೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಸಂಸ್ಕೃತದ ‘ಆಮ್ರ’ ಮರಾಠಿಯಲ್ಲಿ ‘ಆಂಬಾ’, ‘ತಾಮ್ರ’ ಅಲ್ಲಿ ‘ತಾಂಬೆ’, ‘ವಾನರ’ ಹಿಂದಿ-ಉರ್ದುವಿನಲ್ಲಿ ‘ಬಂದರ್’. ಭಾಲ್ಕಿ, ಔರಾದ್ ಕಡೆಯ ಮಕ್ಕಳಾದರೆ ಆಂಬಾ ಅನ್ನುತ್ತಲೇ ಬೆಳೆದಿರುತ್ತಾರೆ. ಆಂಬಾದ ಬ-ವೂ ರಿಸೆಂಬಲ್‌ನ ಬ-ವೂ ಒಂದೇ ಕಾರಣಕ್ಕೆ ಹುಟ್ಟಿದವು ಅಂದರೆ ಮರೆಯೋದಿಲ್ಲ.

ಇನ್ನು ಸಿಮಿಲರ್. ಅದು ಬಾಯಿಂದ ಬಾಯಿಗೆ ಬಂದದ್ದಲ್ಲ, ಪುಸ್ತಕದಿಂದ ಬಂದದ್ದು. ಓದಿದವರು ಲ್ಯಾಟಿನ್ ಪದ ನೋಡಿಕೊಂಡೇ ಫ್ರೆಂಚಿನಲ್ಲಿ ‘ಸಿಮಿಲೇರ್’ ಕಟ್ಟಿದರು, ಇಂಗ್ಲಿಷ್ ಅದನ್ನು 17ನೇ ಶತಮಾನದ ಆರಂಭದಲ್ಲಿ ತಗೊಂಡಿತು. ಸವೆಯೋಕೆ ಕಾಲವೇ ಸಿಗಲಿಲ್ಲ. ನಮ್ಮ ವ್ಯಾಕರಣದ ಮಾತಲ್ಲಿ ಹೇಳೋದಾದರೆ ಸಿಮಿಲರ್ ತತ್ಸಮ, ರಿಸೆಂಬಲ್ ತದ್ಭವ. ಸಂಧ್ಯಾ, ಸಂಜೆ ಇದ್ದ ಹಾಗೆ. ಹಾಳೆಯಲ್ಲಿ ಎರಡು ಕಂಬಸಾಲು ಹಾಕಿ: ‘ಸೆಂಬಲ್’ ಇರುವವು ಒಂದು ಕಡೆ, ‘ಸಿಮಿಲ್’, ‘ಸಿಮುಲ್’ ಇರುವವು ಇನ್ನೊಂದು ಕಡೆ. ಮೊದಲನೆಯದಕ್ಕೆ ‘ಬಾಯಿ’, ಎರಡನೆಯದಕ್ಕೆ ‘ಪುಸ್ತಕ’ ಅಂತ ತಲೆಬರಹ ಕೊಟ್ಟರೆ ಸಾಕು.

ಸೇಡಂರಸ್ತೆ, ಕಲಬುರಗಿ

ಬಿದ್ರಿಯವರ ಎರಡು ಕಂಬಸಾಲು ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ‘ಬಾಯಿ’ ಅಂದರೆ ಫ್ರೆಂಚ್, ‘ಪುಸ್ತಕ’ ಅಂದರೆ ಲ್ಯಾಟಿನ್ ಅಂತ ಮಕ್ಕಳು ಬರೆದುಕೊಂಡರೆ ಕೆಟ್ಟಿತು. ಸಿಮಿಲರ್, ಸಿಮಿಲಿಟ್ಯೂಡ್ ಎರಡೂ ಪುಸ್ತಕದ ಪದಗಳೇ, ಆದರೂ ಬಂದದ್ದು ಫ್ರೆಂಚ್ ಮೂಲಕ. ಸಿಮಿಲಿ, ಸಿಮ್ಯುಲೇಟ್, ಫ್ಯಾಕ್ಸಿಮಿಲಿ ನೇರ ಲ್ಯಾಟಿನ್ನಿನವು. ಫ್ಯಾಕ್ಸಿಮಿಲಿ ಅಂದರೆ ‘ಹಾಗೇ ಮಾಡು’ ಅನ್ನೋ ಎರಡು ಲ್ಯಾಟಿನ್ ಪದಗಳ ಆಜ್ಞೆ. ಅದೇ ಕತ್ತರಿಸಿ ಫ್ಯಾಕ್ಸ್ ಆಯಿತು.

ಕಾಲದ ಕ್ರಮ ಹೀಗೆ ಕೊಡಬಹುದು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದರು, ಆದರೆ ಫ್ರೆಂಚ್ ಪದಗಳ ಮಹಾಪೂರ ಬಂದದ್ದು ಆಗಲ್ಲ. 13, 14ನೇ ಶತಮಾನದಲ್ಲಿ ಆಳುವ ವರ್ಗ ಫ್ರೆಂಚ್ ಬಿಟ್ಟು ಇಂಗ್ಲಿಷಿಗೆ ಹೊರಳುವಾಗ, ತನ್ನ ಪದಗಳನ್ನೂ ಹೊತ್ತುಕೊಂಡೇ ಹೊರಳಿತು. ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಬೇಕು ಅನ್ನೋ ಕಾನೂನು 1362ರದ್ದು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲೇ! ಇಮೇಜ್ 13ನೇ ಶತಮಾನದ ಆರಂಭದ ಹೊತ್ತಿಗೆ ಬಂದಿತ್ತು. ಸೆಂಬ್ಲೆನ್ಸ್, ಕೌಂಟರ್‌ಫಿಟ್ 1300ರ ಆಸುಪಾಸು, ರಿಸೆಂಬಲ್ 14ನೇ ಶತಮಾನ. ಪೋರ್ಟ್ರೇ ಕ್ರಿಯಾಪದವೂ 14ನೆಯದು, ಪೋರ್ಟ್ರೇಟ್ ನಾಮಪದ 16ನೆಯದು. ಆಮೇಲೆ ಬಂದವು ಫ್ರೆಂಚ್ ಉಚ್ಚಾರ ಬಿಡಲೇ ಇಲ್ಲ. ಆನ್ಸಾಂಬಲ್ (ಒಟ್ಟು ತಂಡ) ಅನ್ನುವಾಗ ಮೂಗಿನ ಸ್ವರ ಈಗಲೂ ಕೇಳಿಸುತ್ತೆ, ಅಸೆಂಬಲ್‌ನಲ್ಲಿ ಕೇಳಿಸುವುದಿಲ್ಲ. ಎರಡೂ ಒಂದೇ ಮೂಲದವು, ಒಂದು ಮುಂಚೆ ಬಂದು ಊರಿನವನಾಯಿತು, ಇನ್ನೊಂದು ತಡವಾಗಿ ಬಂದು ಅತಿಥಿಯಾಗೇ ಉಳಿಯಿತು. ನೆರಳಿನಂಥ ಕಪ್ಪು ಚಿತ್ರಕ್ಕೆ ಹೇಳುವ ಸಿಲ್ಯುಯೆಟ್ ಇನ್ನೂ ತಡ: 1759ರಲ್ಲಿ ಫ್ರಾನ್ಸಿನ ಹಣಕಾಸು ನೋಡಿಕೊಳ್ಳುತ್ತಿದ್ದ ಎತಿಯೆನ್ ದ ಸಿಲ್ಯುಯೆಟ್ ಎಂಬ ಮಂತ್ರಿಯ ಹೆಸರು ಅದು.

ಸೀಮ್ ವಿಷಯ: ಈ ಮನೆತನದ್ದಲ್ಲ, ಮೋಸ ಹೋಗಬೇಡಿ. ‘ಸೆಂಬ್ಲೆರ್’ಗೂ ಫ್ರೆಂಚಿನಲ್ಲಿ ‘ಹಾಗೆ ಕಾಣು’ ಅಂತಲೇ ಅರ್ಥ, ಶಬ್ದವೂ ಹತ್ತಿರ, ಹಾಗಾಗಿ ಒಂದೇ ಅನ್ನಿಸುತ್ತೆ. ಆದರೆ ಸೀಮ್ ಬಂದದ್ದು ಹಳೆ ನಾರ್ಸ್, ಅಂದರೆ ವೈಕಿಂಗರ ಭಾಷೆಯಿಂದ, ಅಲ್ಲಿ ಅದಕ್ಕೆ ‘ಒಪ್ಪು, ತಕ್ಕುದಾಗಿರು’ ಅಂತ ಅರ್ಥ. ಆ ಹಳೆ ಅರ್ಥ ಸೀಮ್ಲಿ, ಅನ್‌ಸೀಮ್ಲಿ ಪದಗಳಲ್ಲಿ ಉಳಿದಿದೆ. ಸೇಮ್ ಕೂಡ ನಾರ್ಸಿನದೇ. ಮಜಾ ಏನೆಂದರೆ ತೀರ ಹಿಂದಕ್ಕೆ ಹೋದರೆ ಸಿಮಿಲಿಸ್, ಸೇಮ್, ಸೀಮ್, ಸಂಸ್ಕೃತದ ‘ಸಮ’ ಎಲ್ಲವೂ ಒಂದೇ ಬೇರಿನ ಟಿಸಿಲು. ಆ ಬೇರಿನ ಅರ್ಥ ‘ಒಂದು, ಒಟ್ಟಿಗೆ’. ಅಂದರೆ ಸೀಮ್, ಸೆಂಬ್ಲೆರ್ ದೂರದ ದಾಯಾದಿಗಳು. ತಂದೆ ಮಗ ಅಲ್ಲ.

ಡಿಸೆಂಬಲ್ ಬಗ್ಗೆ. ಇದು ಹುಟ್ಟಿನಿಂದ ತದ್ಭವವೇ ಅಲ್ಲ, ವೇಷ ಹಾಕಿದ್ದು. ಮೊದಲು ಇಂಗ್ಲಿಷಿನಲ್ಲಿದ್ದದ್ದು ‘ಡಿಸಿಮ್ಯೂಲ್’, 14ನೇ ಶತಮಾನದ ಕವಿ ಚಾಸರ್ ಬಳಸಿದ್ದು ಇದನ್ನೇ. ಅದರ ಮೂಲ ಲ್ಯಾಟಿನ್ ‘ಡಿಸಿಮುಲಾರೆ’, ಅರ್ಥ ಇರುವುದನ್ನು ಇಲ್ಲವೆಂಬಂತೆ ಮರೆಮಾಚು. 15ನೇ ಶತಮಾನದಲ್ಲಿ ಪಕ್ಕದಲ್ಲಿದ್ದ ರಿಸೆಂಬಲ್, ಸೆಂಬ್ಲೆನ್ಸ್ ನೋಡಿ ಜನ ಅದರ ಆಕಾರವನ್ನೂ ‘ಸೆಂಬಲ್’ ಮಾಡಿಬಿಟ್ಟರು. ಆಕಾರ ಬದಲಾಯಿತು, ಅರ್ಥ ಅಲ್ಲೇ ಉಳಿಯಿತು. ಆದ್ದರಿಂದ ಡಿಸೆಂಬಲ್ ಅಂದರೆ ‘ಹೋಲದಿರು’ ಅಲ್ಲ, ‘ಒಳಗಿನದನ್ನು ಬಚ್ಚಿಟ್ಟು ನಟಿಸು’. ಹೋಲದಿರುವುದಕ್ಕೆ ಡಿಸಿಮಿಲರ್ ಇದೆ. ಇನ್ನು ಮಕ್ಕಳು ಮೋಟಾರ್ ಬಿಚ್ಚಿ ಬಿಡಿಭಾಗ ಮಾಡುವುದಕ್ಕೂ ಡಿಸೆಂಬಲ್ ಅಂತ ಬರೆಯುತ್ತಾರೆ. ಅದು ಡಿಸ್‌ಅಸೆಂಬಲ್, ನಡುವೆ ಒಂದು ‘ಅ’ ಜಾಸ್ತಿ.

ಭೀಮಾದಂಡಿ, ಯಾದಗಿರಿ

ಇತಿಹಾಸ ಹಿರೇರು ಹೇಳ್ಯಾರ, ನಾ ‘ವಿತ್’ ಕಾಟದ್ದು ಹೇಳ್ತೀನ್ರಿ.

ಆ ವಿತ್ ಎಲ್ಲಿಂದ ಬರ್ತದ ನೋಡ್ರಿ. ಕನ್ನಡದಾಗ ಎರಡು ಕ್ರಿಯಾಪದ ಅವ: ಹೋಲು, ಹೋಲಿಸು. ‘ಅವ ಅಪ್ಪನ್ನ ಹೋಲ್ತಾನ’, ಇಲ್ಲಿ ದ್ವಿತೀಯಾ ವಿಭಕ್ತಿ, ‘ಜೊತಿ’ ಇಲ್ಲ. ‘ಅವನ್ನ ಅಪ್ಪನ ಜೊತಿ ಹೋಲಿಸ್ತಾರ’, ಇಲ್ಲಿ ಜೊತಿ ಅದ. ಹುಡುಗರು ಹೋಲಿಸು ಅನ್ನೋದರ ಜೊತಿನ ತಂದು ಹೋಲು ಅನ್ನೋದಕ್ಕ ಹಚ್ತಾರ. ಮ್ಯಾಲ ಮನ್ಯಾಗ ಉರ್ದು ಮಾತಾಡೋ ಹುಡುಗರಿಗೆ ‘ಬಾಪ್ ಸೇ ಮಿಲ್ತಾ ಹೈ’ (ಅಪ್ಪನ್ನ ಹೋಲ್ತಾನ) ಅಂತ ಜೊತಿ ಅನ್ನೋದರಂಥ ‘ಸೇ’ ಬಾಯಾಗೇ ಅದ. ಎರಡೂ ಕೂಡಿ ರಿಸೆಂಬಲ್ ವಿತ್ ಆಗ್ತದ.

ಅದಕ್ಕ ಹಿಂಗ ಹೇಳ್ರಿ: ಹೋಲು ಅಂದ್ರ ರಿಸೆಂಬಲ್, ಎರಡಕ್ಕೂ ನೇರ ಕರ್ಮ, ನಡುವ ಏನೂ ಬ್ಯಾಡ. ಹೋಲಿಸು ಅಂದ್ರ ಕಂಪೇರ್, ಅದಕ್ಕ ವಿತ್ ಇಲ್ಲಾ ಟು ಬೇಕು. ಸಿಮಿಲರ್‌ಗೆ ಟು. ಸೇಮ್‌ಗೆ ಆ್ಯಸ್. ಈ ಒಂದು ಜಾಗಾದಾಗ ನಮ್ಮ ಕನ್ನಡ ಇಂಗ್ಲಿಷಿಗೆ ಫ್ರೆಂಚಿಗಿಂತ ಹತ್ತಿರ ಅದ, ಯಾಕಂದ್ರ ಇವತ್ತಿನ ಫ್ರೆಂಚಿನಾಗ ‘ರೆಸಾಂಬ್ಲ್’ ಆದಮ್ಯಾಲ ‘ಆ’ ಅನ್ನೋ ಉಪಸರ್ಗ ಹಾಕಲೇಬೇಕು. ಫ್ರೆಂಚ್ ಕಲಿತ ಹುಡುಗರು ರಿಸೆಂಬಲ್ ಟು ಅಂತ ತಪ್ಪು ಮಾಡೋದು ಅದಕ್ಕ. ಹಳೆ ಇಂಗ್ಲಿಷ್ ಪುಸ್ತಕದಾಗ ‘ರಿಸೆಂಬಲ್ಡ್ ಟು’ ಕಂಡ್ರ ಗಾಬರಿ ಆಗಬ್ಯಾಡ್ರಿ, ಆಗ ಆ ಪದಕ್ಕ ‘ಹೋಲಿಸು’ ಅನ್ನೋ ಅರ್ಥನೂ ಇತ್ತು, ಈಗ ಅದು ಸತ್ತದ.

ಇನ್ನ ಎರಡು ತಪ್ಪು. ‘ಈಸ್ ರಿಸೆಂಬ್ಲಿಂಗ್’ ಅಂತ ಬರೀಬಾರದು, ಹೋಲೋದು ಸ್ಥಿತಿ, ನಡಿಯೋ ಕೆಲಸ ಅಲ್ಲ. ಕರ್ಮಣಿ ಪ್ರಯೋಗನೂ ಆಗಂಗಿಲ್ಲ: ‘ಅಪ್ಪ ಮಗನಿಂದ ಹೋಲಲ್ಪಟ್ಟ’ ಅಂದ್ರ ಕನ್ನಡದಾಗ ಹ್ಯಾಂಗ ನಗಿ ಬರ್ತದೋ ಇಂಗ್ಲಿಷಿನಾಗೂ ಹಂಗೇ. ಗ್ರಾಮರ್ ಪರೀಕ್ಷಾದಾಗ ವಾಯ್ಸ್ ಬದಲಿಸು ಅಂತ ಈ ಕ್ರಿಯಾಪದ ಕೊಡೋದೇ ತಪ್ಪು.

ಸ್ಪೆಲ್ಲಿಂಗು: ಇಂಗ್ಲಿಷ್ ರಿಸೆಂಬಲ್‌ಗೆ ಒಂದೇ ಎಸ್, ಇವತ್ತಿನ ಫ್ರೆಂಚಿನಾಗ ಎರಡು ಎಸ್. ಒಂದೇ ಎಸ್ ಇರೋದಕ್ಕ ಉಚ್ಚಾರ ‘ಝ’ ಕಡಿಗೆ ಹೋಗ್ತದ, ‘ಬಾಝಾರ್’ ಅನ್ನೋದರಾಗಿನ ಉರ್ದು ಝ ಇದ್ದಂಗ. ಅಸೆಂಬಲ್, ಡಿಸೆಂಬಲ್ ಎರಡಕ್ಕೂ ಜೋಡಿ ಎಸ್, ಅಲ್ಲಿ ಸಾದಾ ‘ಸ’. ಸಿಮಿಲರ್‌ನಾಗ ಹುಡುಗರು ಕಡೀಕ ಒಂದು ಐ ಹೆಚ್ಚಿಗಿ ತುರುಕ್ತಾರ, ಅದು ಫೆಮಿಲಿಯರ್‌ನ ಉಪದ್ರ.

ತೊಗರಿಕಣಜ, ಕಲಬುರಗಿ

ಹೋಲು–ಹೋಲಿಸು ಜೋಡಿ ಹಾಳೆಯ ತಲೆಗೇ ಹಾಕ್ತೀನಿ, ಇಷ್ಟು ಸರಳ ಇರುತ್ತೆ ಅಂದುಕೊಂಡಿರಲಿಲ್ಲ. ಉಳಿದದ್ದು ಕೌಂಟರ್‌ಫಿಟ್. ನಕಲಿ ನೋಟಿಗೆ ಬಳಸೋ ಪದ ಹೋಲಿಕೆಯ ಪಟ್ಟಿಯಲ್ಲಿ ಇರಬೇಕಾ, ಬೇಡ್ವಾ? ಇನ್ನು ಶುದ್ಧ ಇಂಗ್ಲಿಷ್ ಪದ ಲೈಕ್ ಇರುವಾಗ ಇಷ್ಟೊಂದು ಸಾಲ ಯಾಕೆ ಬೇಕಾಯಿತು ಅಂತ ಯಾರಾದರೂ ಮಗು ಕೇಳೇ ಕೇಳುತ್ತೆ.

ಬಿದ್ರಿಕುಸುರಿ, ಬೀದರ್

ಇರಲೇಬೇಕು. ಹಳೆ ಫ್ರೆಂಚ್ ‘ಕಾಂಟ್ರಫೇಟ್’ ಅಂದರೆ ‘ಎದುರಿಟ್ಟುಕೊಂಡು ಮಾಡಿದ್ದು’: ಮಾದರಿಯನ್ನು ಮುಂದಿಟ್ಟು ಅದರಂತೆ ಇನ್ನೊಂದು ಮಾಡುವುದು. ಅದರಲ್ಲಿ ಮೋಸ ಇರಲೇಬೇಕಾಗಿರಲಿಲ್ಲ. ಶೇಕ್ಸ್‌ಪಿಯರ್‌ನ ವೆನಿಸ್ ವ್ಯಾಪಾರಿ ನಾಟಕದಲ್ಲಿ ಬಸ್ಸಾನಿಯೋ ಸೀಸದ ಪೆಟ್ಟಿಗೆ ತೆರೆದಾಗ ಒಳಗೆ ಪೋರ್ಷಿಯಾಳ ಚಿತ್ರ ಇರುತ್ತೆ. ಅದನ್ನು ಅವನು ಕರೆಯುವುದು ಪೋರ್ಷಿಯಾಳ ‘ಕೌಂಟರ್‌ಫಿಟ್’ ಅಂತ. ಅಲ್ಲಿ ಅದು ಹೊಗಳಿಕೆ, ಅಷ್ಟು ತದ್ರೂಪವಾಗಿದೆ ಅಂತ. ಮೋಸದ ಅರ್ಥವೂ ಮೊದಲಿನಿಂದ ಜೊತೆಗೇ ಇತ್ತು, ಬರಬರುತ್ತಾ ಅದೇ ಇಡೀ ಮನೆ ಆಕ್ರಮಿಸಿತು, ಚಿತ್ರದ ಅರ್ಥವನ್ನು ಪೋರ್ಟ್ರೇಟ್ ತಗೊಂಡಿತು.

ಇದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ‘ನಕಲು’ ಅರಬ್ಬಿಯಿಂದ ಫಾರಸಿ, ಉರ್ದು ದಾರಿಯಲ್ಲಿ ಬಂದ ಪದ. ತಹಶೀಲ್ ಕಚೇರಿಯಲ್ಲಿ ‘ನಕಲು ಪ್ರತಿ’ ಅಂದರೆ ಠಸ್ಸೆ ಬಿದ್ದ ಅಧಿಕೃತ ಕಾಗದ, ಅದಕ್ಕೆ ಮರ್ಯಾದೆ ಇದೆ. ಅದೇ ಪದಕ್ಕೆ ಒಂದು ‘ಇ’ ಹತ್ತಿ ‘ನಕಲಿ’ ಆದ ಕೂಡಲೇ ಪೊಲೀಸ್ ಕೇಸು. ಕೌಂಟರ್‌ಫಿಟ್‌ಗೆ ಆ ಎರಡೂ ಅರ್ಥ ಒಂದೇ ಪದದಲ್ಲಿದ್ದವು. ನಾವು ಪದ ಸೀಳಿಕೊಂಡೆವು, ಇಂಗ್ಲಿಷ್ ಒಂದು ಅರ್ಥವನ್ನೇ ಬಿಟ್ಟುಕೊಟ್ಟಿತು.

ಲೈಕ್ ಇರುವಾಗ ಸಾಲ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ಅದರ ರಾಜಧಾನಿಯಾದಾಗಿನಿಂದ ಈ ಸೀಮೆಯಲ್ಲಿ ದರಬಾರದ ಭಾಷೆ ಫಾರಸಿ, ನಿಜಾಮರ ಕೊನೆಗಾಲದಲ್ಲಿ ಉರ್ದು. ‘ಹಾಂಗ’, ‘ಗತೆ’ ಮನೆಯಲ್ಲಿ ಇದ್ದೇ ಇದ್ದವು, ‘ಅವ್ವನ ಗತೆ ಮಾತಾಡ್ತಾಳ’ ಅನ್ನೋಕೆ ಯಾರ ಸಾಲವೂ ಬೇಕಿರಲಿಲ್ಲ. ಆದರೆ ಕಚೇರಿಯ ಹೋಲಿಕೆಗೆ ನಕಲು, ನಮೂನೆ, ಅಸಲು ಬಂದು ಕೂತವು. ಅರ್ಜಿ ನಮೂನೆಗೆ ಇವತ್ತಿಗೂ ಬೇರೆ ಪದ ಬಾಯಿಗೆ ಬರುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೇ: ಲೈಕ್ ಅಡುಗೆಮನೆಯಲ್ಲಿ ಉಳಿಯಿತು, ರಿಸೆಂಬಲ್ ಪಡಸಾಲೆಗೆ ಹೋಯಿತು, ಸಿಮಿಲರ್ ಕಡತ ಸೇರಿತು.

ಲೈಕ್ ಮಾತು ಬಂದದ್ದಕ್ಕೆ: ಅದರ ಹಳೆ ರೂಪ ‘ಗೆಲೀಚ್’, ಅದರೊಳಗಿನ ‘ಲೀಚ್’ ಅಂದರೆ ಮೈ, ದೇಹ. ಲೈಕ್ ಅಂದರೆ ‘ಅದೇ ಮೈಯುಳ್ಳ’. ಫ್ರೆಂಡ್ಲಿ, ಕಿಂಗ್ಲಿ ಪದಗಳ ಬಾಲದ ‘ಲಿ’ ಕೂಡ ಅದೇ ಮೈ. 1611ರ ಇಂಗ್ಲಿಷ್ ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಸೃಷ್ಟಿಸುವ ವಾಕ್ಯದಲ್ಲಿ ಇಮೇಜ್, ಲೈಕ್‌ನೆಸ್ ಎರಡೂ ಅಕ್ಕಪಕ್ಕ ಇವೆ, ಒಂದು ಫ್ರೆಂಚ್, ಒಂದು ಇಂಗ್ಲಿಷ್. ಮಕ್ಕಳಿಗೆ ತೋರಿಸಲು ಅದಕ್ಕಿಂತ ಚಿಕ್ಕ ಉದಾಹರಣೆ ಸಿಗಲಿಕ್ಕಿಲ್ಲ.

ಸೇಡಂರಸ್ತೆ, ಕಲಬುರಗಿ

ಬಿದ್ರಿಯವರು ‘ತರಹ’ ಬಿಟ್ಟರಲ್ಲ! ‘ಆ ತರಹ, ಈ ತರ’ ಅನ್ನೋದೂ ಉರ್ದುವಿನ ‘ತರಹ್’, ಮೂಲ ಅರಬ್ಬಿ. ಆದರೆ ಹಳಗನ್ನಡದಲ್ಲಿ ‘ತೆಱ’ ಅಂತ ಅಚ್ಚಗನ್ನಡ ಪದವೇ ಇದೆ, ‘ತೆಱದಿಂ’ ಅಂತ ಕಾವ್ಯದ ತುಂಬ ಬರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಶಬ್ದ, ಅರ್ಥ ಎರಡೂ ಹತ್ತಿರ ಇರುವುದರಿಂದ ತೆಱ ಸವೆದು ತರಹ ಆಯಿತು ಅಂತ ವಾದಿಸುವವರು ಸಿಗುತ್ತಾರೆ. ಸೀಮ್ ಮತ್ತು ಸೆಂಬ್ಲೆರ್ ಪ್ರಕರಣ ಇದೇ. ಸೀಮ್ ಯಾಕೆ ಫ್ರೆಂಚ್ ಅಲ್ಲ ಅಂತ ವಿವರಿಸುವಾಗ ಈ ಜೋಡಿಯನ್ನು ಪಕ್ಕದಲ್ಲಿಡಿ.

ತೊಗರಿಕಣಜ, ಕಲಬುರಗಿ

ಇಟ್ಟೆ. ‘ಬಾಯಿ’, ‘ಪುಸ್ತಕ’ ಎರಡು ಕಂಬಸಾಲು, ಕೆಳಗೆ ‘ವೇಷ ಹಾಕಿದವು’ ಅಂತ ಡಿಸೆಂಬಲ್, ಸೀಮ್. ಎರಡನೇ ಪುಟದಲ್ಲಿ ಒಂದು ನಾಲ್ಕು ಸಾಲಿನ ಜಾಗ ಉಳಿದಿದೆ. ಮಕ್ಕಳು ಕಣ್ಣರಳಿಸೋ ಅಂಥ ಪದ ಯಾವುದಾದರೂ ಇದೆಯಾ?

ಭೀಮಾದಂಡಿ, ಯಾದಗಿರಿ

ಅಂಪೈರ್ ಹಾಕ್ರಿ. ಹಳೆ ಫ್ರೆಂಚಿನ ‘ನೊನ್‌ಪೆರ್’, ಅಂದ್ರ ಸರಿಜೋಡಿ ಅಲ್ಲದವ: ಇಬ್ಬರ ಜಗಳದಾಗ ಯಾರ ಜೋಡಿನೂ ಆಗದ ಮೂರನೇಯವ. ‘ಪೆರ್’ ಅನ್ನೋದೇ ಸರಿಸಮಾನ ಅನ್ನೋ ಅರ್ಥದ ಪಿಯರ್. ಇಂಗ್ಲಿಷಿಗೆ ‘ನೌಂಪೆರ್’ ಅಂತ ಬಂತು. ‘ಎ ನೌಂಪೆರ್’ ಅಂತ ಅನ್ಕೋತ ಅನ್ಕೋತ ಜನ ಅದನ್ನ ‘ಆ್ಯನ್ ಔಂಪೆರ್’ ಅಂತ ಒಡದು ಕೇಳಿದ್ರು, ‘ನ’ ಅನ್ನೋದು ಹಿಂದಿನ ಪದಕ್ಕ ಹಾರಿ ಹೋತು. ಏಪ್ರನ್, ಆ್ಯಡರ್ (ಒಂದು ಜಾತಿ ಹಾವು) ಪದದಾಗೂ ಹಿಂಗೇ ‘ನ’ ಕಳವಾಗ್ಯದ. ನಾಲ್ಕು ಸಾಲಿನಾಗ ಕೂಡ್ತದ ನೋಡ್ರಿ, ಇಲ್ಲಂದ್ರ ಏಪ್ರನ್ ಬಿಡ್ರಿ.